ಕುದುರೆಯ ಹೊಟ್ಟೆಯೊಳಗಿನ ಚರಿತ್ರೆ

ಕೊಡಗಿನ ಪಶ್ಚಿಮದ ಅಂಚಿನಲ್ಲಿ ಕರಿಕೆ ಎಂಬ ಊರಿದೆ. ಭಾಗಮಂಡಲದಿಂದ ಘಟ್ಟ ಇಳಿಯುವ ದಾರಿ ಕರಿಕೆಯನ್ನು ಹಾದು ಕಾಸರಗೋಡು ಜಿಲ್ಲೆಯ ಪಾಣತ್ತೂರನ್ನು ಸೇರಿ, ಅಲ್ಲಿಂದ ಹೊಸದುರ್ಗದ ಕಡಲ ಕಡೆಗೆ ಹೋಗುತ್ತದೆ. ಕನ್ನಡ, ಅರೆಭಾಷೆ, ಮಲಯಾಳ, ತುಳು ಎಲ್ಲವೂ ಕಿವಿಗೆ ಬೀಳುವ ಸೀಮೆ ಇದು. ಮಲಯಾಳದಲ್ಲಿ ಕುದುರೆಗೆ ‘ಕುದಿರ’ ಎನ್ನುತ್ತಾರೆ, ಹುರುಳಿಗೆ ‘ಮುದಿರ’. ಪ್ರಾಸಕ್ಕೆಂದೇ ಹುಟ್ಟಿದಂತಿರುವ ಈ ಎರಡು ಪದಗಳಲ್ಲಿ ಒಂದು ದೊಡ್ಡ ಚರಿತ್ರೆಯ ತುದಿ ಸಿಗುತ್ತದೆ ಎಂದು ನಮಗನಿಸುತ್ತದೆ.

ತಮಾಷೆಯೆಂದರೆ ಕರಿಕೆಯ ಮಳೆಗೆ ಇವೆರಡೂ ಒಗ್ಗುವಂಥವಲ್ಲ. ಹುರುಳಿ ಒಣ ಸೀಮೆಯ ಕಾಳು. ಕೋಲಾರ, ತುಮಕೂರು, ಚಿತ್ರದುರ್ಗದ ಕೆಂಪು ನೆಲದಲ್ಲಿ ಎರಡು ಹದ ಮಳೆ ಬಿದ್ದರೆ ಅದು ಬದುಕಿಕೊಳ್ಳುತ್ತದೆ. ತಿಂಗಳುಗಟ್ಟಲೆ ಸುರಿಯುವ ಘಟ್ಟದ ಇಳಿಜಾರಿನಲ್ಲಿ ಕೊಳೆತು ಹೋಗುತ್ತದೆ. ಕುದುರೆಯೂ ಹಾಗೆಯೇ, ಸದಾ ತೇವದಲ್ಲಿ ನಿಂತರೆ ಅದರ ಗೊರಸು ಕೆಡುತ್ತದೆ. ಪಶ್ಚಿಮ ಘಟ್ಟದ ದಾರಿಗಳಲ್ಲಿ ಉಪ್ಪು, ಅಕ್ಕಿ, ಮೆಣಸು ಹೊತ್ತು ಸಾಗಿದ್ದು ಹೇರೆತ್ತುಗಳು ಮತ್ತು ತಲೆಹೊರೆಯ ಆಳುಗಳು. ಆದರೂ ಘಟ್ಟದ ಎರಡೂ ಬದಿಯ ಜನರಿಗೆ ಹುರುಳಿ ಎಂದರೆ ಕುದುರೆಯ ಕಾಳು. ಇಂಗ್ಲಿಷರಂತೂ ಅದಕ್ಕೆ ‘ಹಾರ್ಸ್ ಗ್ರಾಂ’ ಎಂದೇ ಹೆಸರಿಟ್ಟರು. ಒಂದು ಕಾಳಿಗೆ ಅದನ್ನು ತಿನ್ನುವ ಪ್ರಾಣಿಯ ಹೆಸರು ಅಂಟಿಕೊಳ್ಳಬೇಕಾದರೆ ಎಷ್ಟು ಲಾಯಗಳಲ್ಲಿ, ಎಷ್ಟು ತಲೆಮಾರುಗಳ ಕಾಲ ಆ ಕಾಳು ಬೆಂದಿರಬೇಕು!

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಕುದುರೆ ಬರುವುದು ಯುದ್ಧದ ಜೊತೆಗೆ ಮಾತ್ರ. ಅದರಲ್ಲೂ ದಖನ್ನಿನ ಸುಲ್ತಾನರ ಪಾಠ ಬಂದರೆ ಸಾಕು, ಕುದುರೆ ಮತ್ತು ಕತ್ತಿ ಎರಡೂ ಒಟ್ಟಿಗೆ ಪುಟದೊಳಗೆ ನುಗ್ಗಿಬಿಡುತ್ತವೆ. ಕುದುರೆ ಏರಿ ಬಂದವನೆಂಬುದೇ ಮುಸ್ಲಿಮನ ಚಿತ್ರವಾಗಿ ಎಷ್ಟೋ ಮಕ್ಕಳ ತಲೆಯಲ್ಲಿ ಉಳಿದಿದೆ. ಆದರೆ ಯುದ್ಧ ವರ್ಷಕ್ಕೆ ಕೆಲವು ದಿನ, ಕುದುರೆಗೆ ಮೇವು ಬೇಕಾದದ್ದು ವರ್ಷದ ಎಲ್ಲ ದಿನ. ಬೆಳಗಿನ ಜಾವ ಎದ್ದು ಕಾಳು ಬೇಯಿಸಿದವರು, ಹುಲ್ಲು ಹೆರೆದು ತಂದವರು, ಲದ್ದಿ ನೋಡಿ ಕಾಯಿಲೆ ಹೇಳಿದವರು ಯಾರು? ಈ ಪ್ರಶ್ನೆ ಕೇಳಿದೊಡನೆ ಚರಿತ್ರೆಯ ಬೇರೊಂದು ಜನಸಮುದಾಯ ಎದುರಿಗೆ ಬಂದು ನಿಲ್ಲುತ್ತದೆ.

ಅದಕ್ಕೂ ಮೊದಲು ಕುದುರೆಯ ಹೊಟ್ಟೆಯನ್ನು ತುಸು ಅರ್ಥ ಮಾಡಿಕೊಳ್ಳಬೇಕು. ಹಸು, ಎಮ್ಮೆಗಳಂತೆ ಕುದುರೆ ಮೆಲುಕು ಹಾಕುವುದಿಲ್ಲ. ಅಷ್ಟು ದೊಡ್ಡ ದೇಹಕ್ಕೆ ಅದರ ಜಠರ ತೀರ ಚಿಕ್ಕದು, ಎಂಟರಿಂದ ಹದಿನೈದು ಲೀಟರು ಹಿಡಿಯುವಷ್ಟು. ಆ ಜಠರದಲ್ಲಿ ಆಮ್ಲ ಹಗಲಿರುಳು ಒಸರುತ್ತಲೇ ಇರುತ್ತದೆ. ಆದ್ದರಿಂದ ಬಯಲಿನಲ್ಲಿ ಬಿಟ್ಟ ಕುದುರೆ ದಿನದ ಹೆಚ್ಚಿನ ಭಾಗ ಸ್ವಲ್ಪಸ್ವಲ್ಪವೇ ಮೇಯುತ್ತಿರುತ್ತದೆ. ಅಗಿದಷ್ಟೂ ಜೊಲ್ಲು ಬರುತ್ತದೆ, ಜೊಲ್ಲು ಆಮ್ಲವನ್ನು ತಣಿಸುತ್ತದೆ. ಹುಲ್ಲಿನ ನಾರು ಕರಗುವುದು ಜಠರದಲ್ಲಲ್ಲ, ಕೊನೆಯಲ್ಲಿರುವ ದೊಡ್ಡ ಕರುಳಿನಲ್ಲಿ. ನೂರು ಲೀಟರಿಗೂ ಮಿಕ್ಕಿ ಹಿಡಿಯುವ ಆ ಹಂಡೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಹುಳಿಯಿಸಿ ಕುದುರೆಗೆ ಶಕ್ತಿ ಕೊಡುತ್ತವೆ.

ತೊಡಕು ಶುರುವಾಗುವುದು ಕಾಳು, ಅಕ್ಕಿ, ಹಿಟ್ಟುಗಳನ್ನು ಒಂದೇ ಸಲಕ್ಕೆ ಸುರಿದಾಗ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಹೋಗಿ ಬೀಳುತ್ತದೆ. ಅಲ್ಲಿ ನಾರು ಕರಗಿಸುವ ಜೀವಿಗಳು ಸತ್ತು, ಆಮ್ಲ ಹುಟ್ಟಿಸುವ ಜೀವಿಗಳು ಹೆಚ್ಚುತ್ತವೆ. ಹೊಟ್ಟೆ ಉಬ್ಬರಿಸುತ್ತದೆ, ಶೂಲೆ ಬರುತ್ತದೆ. ವಿಷ ರಕ್ತಕ್ಕೆ ಸೇರಿ ಗೊರಸಿನೊಳಗಿನ ಮಾಂಸ ಉರಿಯತೊಡಗಿ ಕುದುರೆ ಕುಂಟುತ್ತದೆ. ಜೊತೆಗೆ ಇನ್ನೊಂದು ಶಾಪವಿದೆ. ಕುದುರೆಗೆ ವಾಂತಿ ಮಾಡಿಕೊಳ್ಳಲು ಆಗುವುದಿಲ್ಲ. ಒಳಗೆ ಹೋದದ್ದು ಇಡೀ ದಾರಿ ಸವೆಸಿ ಹಿಂದಿನಿಂದಲೇ ಹೊರಬರಬೇಕು. ನಡುವೆ ಎಲ್ಲಿ ಸಿಕ್ಕಿಕೊಂಡರೂ ಜೀವಕ್ಕೆ ಅಪಾಯ. ನೆಲಕ್ಕೆ ಬಿದ್ದು ಹೊರಳಾಡುತ್ತ, ಹೊಟ್ಟೆಯತ್ತ ತಿರುತಿರುಗಿ ನೋಡುತ್ತ ಬೆವರುವ ಕುದುರೆಯನ್ನು ಒಮ್ಮೆ ಕಂಡವರು ಆ ನೋಟವನ್ನು ಮರೆಯಲಾರರು.

ಇಂಥ ನಾಜೂಕು ಹೊಟ್ಟೆಯ ಪ್ರಾಣಿ ಅರಬ್ ಮತ್ತು ಪರ್ಷಿಯಾದ ಬಂದರುಗಳಿಂದ ಹಡಗೇರಿ ನಮ್ಮ ಕರಾವಳಿಗೆ ಬರುತ್ತಿತ್ತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಈ ಕಡೆ ಬಂದ ಮಾರ್ಕೊ ಪೋಲೊ, ‘ಮಾಬರ್’ ಎಂದು ಅರಬರು ಕರೆಯುತ್ತಿದ್ದ ತಮಿಳು ಕರಾವಳಿಯ ಬಗ್ಗೆ ಬರೆಯುತ್ತ ಕುದುರೆಗಳ ವಿಷಯ ಎತ್ತುತ್ತಾನೆ. ಹೊರ್ಮುಜ್, ಕಿಷ್, ಧೋಫಾರ್, ಏಡನ್‌ಗಳಿಂದ ಅಲ್ಲಿನ ಅರಸರು ವರ್ಷಕ್ಕೆ ಸಾವಿರಗಟ್ಟಲೆ ಕುದುರೆ ಕೊಳ್ಳುತ್ತಾರೆ, ವರ್ಷದ ಕೊನೆಗೆ ಬದುಕಿ ಉಳಿಯುವುದು ನೂರೂ ಇಲ್ಲ ಎಂಬುದು ಅವನ ವರದಿ. ಕಾರಣವನ್ನೂ ಹೇಳುತ್ತಾನೆ. ಇಲ್ಲಿನವರಿಗೆ ಆರೈಕೆ ತಿಳಿಯದು, ಕುದುರೆಗೆ ಮಾಂಸ ಸೇರಿಸಿದ ಅನ್ನ ಬೇಯಿಸಿ ಹಾಕುತ್ತಾರೆ. ಹೊರಗಿನ ವರ್ತಕರು ಪಶುವೈದ್ಯರು ಇತ್ತ ಬಾರದಂತೆ ನೋಡಿಕೊಳ್ಳುತ್ತಾರೆ, ಕುದುರೆ ಸತ್ತಷ್ಟೂ ಅವರ ವ್ಯಾಪಾರ ಬೆಳೆಯುತ್ತದಲ್ಲ! ಸ್ವಲ್ಪ ಕಾಲದ ಮೇಲೆ ಪರ್ಷಿಯಾದ ಚರಿತ್ರೆಕಾರ ವಸ್ಸಾಫ್ ಹೆಚ್ಚು ಕಡಿಮೆ ಇದೇ ಮಾತನ್ನು ಬರೆದ. ಫಾರ್ಸ್ ಪ್ರಾಂತವನ್ನು ಅತಾಬಕ್ ಅಬೂಬಕರ್ ಆಳುತ್ತಿದ್ದಾಗ ಮಾಬರ್, ಖಂಬಾಯತ್ ಮೊದಲಾದ ಬಂದರುಗಳಿಗೆ ವರ್ಷಕ್ಕೆ 10,000 ಕುದುರೆ ಹೋಗುತ್ತಿದ್ದವು ಎಂದು ಅವನು ಲೆಕ್ಕ ಕೊಡುತ್ತಾನೆ. ಹಸಿ ಜವೆಗೋಧಿಯ ಬದಲು ಹುರಿದ ಜವೆಗೋಧಿ, ಬೆಣ್ಣೆ ಬೆರೆಸಿದ ಕಾಳು, ಕಾಯಿಸಿದ ಹಸುವಿನ ಹಾಲು ಕೊಡುತ್ತಾರೆಂದು ಅಚ್ಚರಿಪಡುತ್ತಾನೆ. ನಲವತ್ತು ದಿನ ಗೂಟಕ್ಕೆ ಕಟ್ಟಿ ಕೊಬ್ಬಿಸುತ್ತಾರೆ, ಆಮೇಲೆ ಪಳಗಿಸದೆಯೇ ಸವಾರಿ ಮಾಡುತ್ತಾರೆ ಎಂಬುದು ಅವನ ದೂರು.

ಈ ಇಬ್ಬರ ಮಾತನ್ನು ಪೂರ್ತಿ ನಂಬಬೇಕೆ? ವರ್ತಕರ ಒಳಸಂಚಿನ ಕಥೆ ಬಂದರಿನ ಗಾಳಿಸುದ್ದಿಯಂತೆ ಕೇಳಿಸುತ್ತದೆ. ಕಡಲ ಪ್ರಯಾಣದಲ್ಲಿ ಕುದುರೆಗಳನ್ನು ಜೀವಂತ ಇಡಲು ವರ್ತಕರೇ ಬಲ್ಲವರನ್ನು ಜೊತೆಗೆ ಕರೆತರಬೇಕಿತ್ತು. ಅವರು ದಂಡೆಯಲ್ಲಿ ಇಳಿದು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರೆಂದು ನಂಬುವುದು ಕಷ್ಟ. ಇನ್ನು ಸಾವಿಗೆಲ್ಲ ಮೇವೊಂದೇ ಕಾರಣವೂ ಅಲ್ಲ. ಮಳೆನಾಡಿನ ನೊಣಗಳು ಹರಡುವ ‘ಸರ್ರಾ’ ಜ್ವರ ಕುದುರೆಗಳನ್ನು ಬಡಿದು ಹಾಕುತ್ತದೆ. ಅದರ ರೋಗಾಣುವನ್ನು ಗ್ರಿಫಿತ್ ಇವಾನ್ಸ್ ಕಂಡುಹಿಡಿದದ್ದು 1880ರಲ್ಲಿ. ಅದಕ್ಕಿಂತ ಆರು ಶತಮಾನ ಹಿಂದಿನವರು ಕಣ್ಣಿಗೆ ಕಂಡ ಮೇವಿನ ಮೇಲೆ ತಪ್ಪು ಹೊರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೂ ಅವರ ಮಾತಿನಲ್ಲಿ ಅರ್ಧ ನಿಜವಿದೆ. ಇಂದಿನ ಪಶುಪೋಷಣೆಯ ತಜ್ಞರು ಒಂದು ಹೊತ್ತಿಗೆ ಕುದುರೆಯ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಗ್ರಾಂಗಿಂತ ಹೆಚ್ಚು ಪಿಷ್ಟ ಬೇಡ ಎನ್ನುತ್ತಾರೆ. 400 ಕಿಲೋ ತೂಕದ ಕುದುರೆಗೆ ಅದು 400 ಗ್ರಾಂ. ಅರ್ಧ ಕಿಲೋ ಅಕ್ಕಿಯಲ್ಲೇ ಅಷ್ಟು ಪಿಷ್ಟವಿರುತ್ತದೆ. ಬೇಯಿಸಿದರೆ ಪಿಷ್ಟ ಬೇಗ ಜೀರ್ಣವಾಗುತ್ತದೆ ನಿಜ. ಆದರೆ ಹುಲ್ಲು ಕಡಿಮೆ ಮಾಡಿ ಹಂಡೆಗಟ್ಟಲೆ ಅನ್ನ ಇಟ್ಟರೆ ಕರುಳು ತಡೆಯುವುದಿಲ್ಲ. ಬೆಳೆದ ಕುದುರೆಗೆ ಹಾಲನ್ನು ಅರಗಿಸಿಕೊಳ್ಳುವ ಶಕ್ತಿಯೂ ಕುಂದಿರುತ್ತದೆ. ಬೆಣ್ಣೆಯ ವಿಷಯದಲ್ಲಿ ಮಾತ್ರ ವಸ್ಸಾಫ್ ನಕ್ಕದ್ದು ಹೆಚ್ಚಾಯಿತು. ಕುದುರೆಗೆ ಪಿತ್ತಕೋಶವಿಲ್ಲ, ಪಿತ್ತರಸ ಸದಾ ಹರಿಯುತ್ತಿರುತ್ತದೆ. ನಿಧಾನವಾಗಿ ರೂಢಿ ಮಾಡಿಸಿದರೆ ಅದು ಎಣ್ಣೆ, ಕೊಬ್ಬನ್ನು ಚೆನ್ನಾಗಿಯೇ ಅರಗಿಸಿಕೊಳ್ಳುತ್ತದೆ. ಇಂದಿನ ಪಂದ್ಯದ ಕುದುರೆಗಳಿಗೂ ಕಾಳು ತಗ್ಗಿಸಿ ಎಣ್ಣೆ ಬೆರೆಸುವ ಪದ್ಧತಿಯಿದೆ.

ದಖನ್ನಿನ ಒಣನಾಡಿಗೆ ಬಂದರೆ ಚಿತ್ರ ಬೇರೆಯಾಗುತ್ತದೆ. 1469ರ ಹೊತ್ತಿಗೆ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಹೊರ್ಮುಜ್‌ನಿಂದ ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ಏರಿಸಿಕೊಂಡು ಬಂದ. ಜುನ್ನರಿನಲ್ಲಿ ಅಲ್ಲಿನ ಖಾನ ಕುದುರೆಯನ್ನು ಕಿತ್ತುಕೊಂಡು, ಮತಾಂತರವಾದರೆ ಮರಳಿಸುತ್ತೇನೆ ಎಂದ. ಖೊರಾಸಾನಿನ ಒಬ್ಬ ಮುಸ್ಲಿಂ ವರ್ತಕ ನಡುವೆ ಬಂದು ಖಾನನನ್ನು ಒಪ್ಪಿಸಿ ಕುದುರೆ ಬಿಡಿಸಿಕೊಟ್ಟ. ಆ ಕುದುರೆ ಕಡೆಗೆ ಮಾರಾಟವಾದದ್ದು ನಮ್ಮ ಬೀದರಿನಲ್ಲಿ. ಈ ನಿಕಿತಿನ್ ಇಲ್ಲಿನ ಲಾಯಗಳ ಅಡುಗೆಯನ್ನು ಕಣ್ಣಿಟ್ಟು ನೋಡಿದವನು. ಕುದುರೆಗಳಿಗೆ ಕಾಳು ತಿನ್ನಿಸುತ್ತಾರೆ, ಸಕ್ಕರೆ ಮತ್ತು ಎಣ್ಣೆ ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಎಂದು ಬರೆದ. ರಷ್ಯನ್ ಬರಹದಲ್ಲಿ ‘ಖಿಚಡಿ’ ಎಂಬ ಪದ ಹಾಗೆಯೇ ಉಳಿದುಕೊಂಡಿದೆ, ಅದೂ ಕುದುರೆಯ ಊಟದ ಹೆಸರಾಗಿ! ಅಳಂದದ ಷೇಖ್ ಅಲಾವುದ್ದೀನರ ನೆನಪಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುತ್ತಿದ್ದ ಜಾತ್ರೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದೂ ಅವನು ಹೇಳುತ್ತಾನೆ. ಇಂದು ಲಾಡ್ಲೆ ಮಶಾಯಕರ ದರ್ಗಾ ಎಂದು ನಾವು ಕರೆಯುವ ಸ್ಥಳ ಅದು. ಆ ಸಂಖ್ಯೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ, ಅದರ ಕಾಲುಭಾಗವಾದರೂ ಸಾಕು. ಐದು ಸಾವಿರ ಕುದುರೆಗೆ ಹತ್ತು ದಿನ ಹುಲ್ಲು, ಕಾಳು, ನೀರು ಒದಗಿಸುವುದೆಂದರೆ ಸುತ್ತಲ ಎಷ್ಟು ಹಳ್ಳಿಗಳ ರೈತರು ಆ ಉರುಸಿನ ಪಾಲುದಾರರಾಗಿದ್ದಿರಬೇಕು! ಬಿತ್ತುವವನು ಯಾವ ದೇವರ ಹೆಸರು ಹೇಳಿ ಹುರುಳಿ ಬಿತ್ತಿದ ಎಂದು ಲಾಯದಲ್ಲಿ ಯಾರೂ ಕೇಳಿರಲಾರರು.

ತುಂಗಭದ್ರೆಯ ಆಚೆ ವಿಜಯನಗರದಲ್ಲೂ ಕಥೆ ಇದೇ. ಸುಲ್ತಾನರ ವಿರುದ್ಧ ಕಾದಲು ರಾಯರಿಗೆ ಕುದುರೆ ಬೇಕಿತ್ತು, ಆ ಕುದುರೆಯನ್ನು ಭಟ್ಕಳ, ಗೋವೆಯಂಥ ಬಂದರುಗಳ ಮೂಲಕ ತಂದುಕೊಟ್ಟವರಲ್ಲಿ ಅರಬರು, ಪರ್ಷಿಯನ್ನರು, ನವಾಯತರು, ಆಮೇಲೆ ಪೋರ್ಚುಗೀಸರು ಇದ್ದರು. ಕೃಷ್ಣದೇವರಾಯ ವರ್ಷಕ್ಕೆ ಹೊರ್ಮುಜ್‌ನ 13,000 ಕುದುರೆ ಕೊಳ್ಳುತ್ತಿದ್ದನೆಂದು ನುನಿಜ್ ಬರೆದಿದ್ದಾನೆ. ಅದಕ್ಕೂ ಹಿಂದೆ ಸಾಳುವ ನರಸಿಂಹ, ಕಡಲಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ವಿಮೆಯ ಕಂಪನಿಗಳು ಹುಟ್ಟುವ ಮೊದಲಿನ ವಿಮೆ ಇದು. ಆದರೆ ನಮಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಡೊಮಿಂಗೊ ಪಾಯಸ್ ಬರೆದ ಒಂದು ಸಣ್ಣ ಮಾತು. ಈ ನಾಡಿನಲ್ಲಿ ಕಾಳುಗಳು ವಿಪರೀತ ಬೆಳೆಯುತ್ತವೆ, ಏಕೆಂದರೆ ಜನ ತಿನ್ನುವುದರ ಜೊತೆಗೆ ಕುದುರೆಗೂ ಅದನ್ನೇ ಹಾಕುತ್ತಾರೆ, ಜವೆಗೋಧಿ ಇಲ್ಲಿಲ್ಲ ಎನ್ನುತ್ತಾನೆ ಅವನು.

ಈ ಮಾತಿನ ಒಳಗೆ ಒಂದು ದೊಡ್ಡ ಸಂಗತಿ ಅಡಗಿದೆ. ಅರಬ್ ಕುದುರೆ ಹುಟ್ಟಿನಿಂದ ಜವೆಗೋಧಿ ತಿಂದು ಬೆಳೆದದ್ದು. ಜವೆಗೋಧಿ ಬೆಳೆಯದ ನಾಡಿಗೆ ಬಂದಾಗ ಅದರ ಹೊಟ್ಟೆಗೆ ಬದಲಿ ಹುಡುಕಬೇಕಾಯಿತು. ಆ ಹುಡುಕಾಟದ ಉತ್ತರ ಹುರುಳಿ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಪಿಷ್ಟ ಅಕ್ಕಿಗಿಂತ ಬಹಳ ಕಡಿಮೆ, ನಾರು ಹೆಚ್ಚು. ಆದರೆ ಹಸಿ ಹುರುಳಿಯಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶಗಳಿವೆ. ಒಣಗಿದ ಕಾಳು ಹೊಟ್ಟೆಗೆ ಹೋಗಿ ನೀರು ಹೀರಿ ಉಬ್ಬುತ್ತದೆ. ನೆನೆಸಿ ಬೇಯಿಸಿದರೆ ಎರಡು ತೊಂದರೆಯೂ ಕಳೆಯುತ್ತವೆ. ಪ್ರಯೋಗಾಲಯವಿಲ್ಲದ ಕಾಲದಲ್ಲಿ ಇದನ್ನು ಕಂಡುಕೊಂಡವನ ಹೆಸರು ಯಾವ ಶಾಸನದಲ್ಲೂ ಕೆತ್ತಿಲ್ಲ. ಎಷ್ಟು ಕುದುರೆಗಳು ಶೂಲೆಯಿಂದ ಹೊರಳಾಡಿದ ಮೇಲೆ ಆ ಒಲೆ ಹೊತ್ತಿತೋ! ಕುದುರೆಗೆ, ಎತ್ತಿಗೆ ಬೇಯಿಸಿದ ಹುರುಳಿಯ ಕಟ್ಟನ್ನು ಬಸಿದು ಮನೆಯವರು ಸಾರು ಮಾಡಿಕೊಂಡರು. ನಮ್ಮ ಬಯಲುಸೀಮೆಯ ಹುರುಳಿಕಟ್ಟಿನ ಸಾರಿನ ಹುಟ್ಟು ಆ ದನದ ಒಲೆಯ ಬಳಿಯೇ ಇದ್ದಿರಬಹುದು.

ಅನುಭವದ ಈ ತಿಳಿವಳಿಕೆ ಪುಸ್ತಕಕ್ಕೂ ಇಳಿಯಿತು. ಕನ್ನಡದಲ್ಲಿ ಪಶುವೈದ್ಯದ ಬರವಣಿಗೆ ಹಳೆಯದು. ಚಾಲುಕ್ಯ ಅರಸುಕುಮಾರ ಕೀರ್ತಿವರ್ಮ ‘ಗೋವೈದ್ಯ’ ಬರೆದದ್ದು ಹನ್ನೆರಡನೆಯ ಶತಮಾನದಲ್ಲಿ. ಅದೇ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಜಾತಿ, ಲಕ್ಷಣಗಳ ವಿವರ ಬಂತು. ಕುದುರೆಯ ಮೇಲೆಯೇ ಕನ್ನಡದಲ್ಲಿ ಅಭಿನವಚಂದ್ರ ಬರೆದ, ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ 1627ರಲ್ಲಿ ಪದ್ಮಣ ಪಂಡಿತ ‘ಹಯಸಾರ ಸಮುಚ್ಚಯ’ ರಚಿಸಿದ. ಇನ್ನೊಂದು ಕಡೆ, ಶಾಲಿಹೋತ್ರ ಮುನಿಯ ಹೆಸರಿನಲ್ಲಿ ನಡೆದು ಬಂದ ಸಂಸ್ಕೃತದ ಅಶ್ವವೈದ್ಯವನ್ನು ಗುಲ್ಬರ್ಗದಲ್ಲಿ ಬಹಮನಿ ಅಹ್ಮದ್ ಷಾ ವಲಿಯ ಅಪ್ಪಣೆಯಂತೆ ಅಬ್ದುಲ್ಲಾ ಬಿನ್ ಸಫಿ ಪಾರ್ಸಿಗೆ ತಂದ. ಇಂಥ ಅನುವಾದಗಳು ಆಮೇಲೂ ಆದವು. ಮೊಗಲರ ಕಾಲದ ಸರದಾರ ಅಬ್ದುಲ್ಲಾ ಖಾನ್ ಫಿರೋಜ್ ಜಂಗ್ ಪಂಡಿತರನ್ನು ಕೂರಿಸಿಕೊಂಡು ಮಾಡಿಸಿದ ಪಾರ್ಸಿ ಗ್ರಂಥವನ್ನು ಜೋಸೆಫ್ ಅರ್ಲ್ಸ್ 1788ರಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷಿಗೆ ತಿರುಗಿಸಿದ. ಶಾಲಿಹೋತ್ರನ ಹೆಸರೇ ಉರ್ದುವಿನಲ್ಲಿ ‘ಸಾಲೋತ್ರಿ’ಯಾಗಿ ಕುದುರೆ ವೈದ್ಯನಿಗೆ ನಿಂತಿತು. ಸಾಲೋತ್ರಿಗಳಲ್ಲಿ ಬಹುಮಂದಿ ಮುಸ್ಲಿಮರು, ಅವರ ಕಸುಬಿನ ಹೆಸರು ಮಾತ್ರ ಒಬ್ಬ ಋಷಿಯದು! ಇದನ್ನು ಯಾರೂ ಸೌಹಾರ್ದ ಸಮ್ಮೇಳನದಲ್ಲಿ ಕೂತು ತೀರ್ಮಾನಿಸಲಿಲ್ಲ. ಕುದುರೆಗೆ ಹೊಟ್ಟೆನೋವು ಬಂದಾಗ ಯಾರ ಬಳಿ ಮದ್ದಿದೆಯೋ ಅವರ ಬಳಿಗೆ ಹೋದರು, ಅಷ್ಟೇ.

ಆ ಮದ್ದುಗಳಲ್ಲಿ ‘ಬತ್ತೀಸಾ’ ಎಂಬುದು ಹೆಸರಾಂತದ್ದು. ಬತ್ತೀಸ್ ಎಂದರೆ ಮೂವತ್ತೆರಡು. ಮೂವತ್ತೆರಡು ಸಾಮಾನುಗಳನ್ನು ಕುಟ್ಟಿ ಮಾಡಿದ ಪುಡಿ. ಓಮ, ಶುಂಠಿ, ಇಂಗು, ಮೆಂತ್ಯ, ಕಪ್ಪುಪ್ಪು ಮುಂತಾಗಿ ನಮ್ಮ ಅಡುಗೆಮನೆಯ ಡಬ್ಬಿಗಳೇ ಅಲ್ಲಿರುತ್ತವೆ. ಬೆಲ್ಲದಲ್ಲಿ ಉಂಡೆ ಕಟ್ಟಿ ಕುದುರೆಯ ಬಾಯಿಗಿಡುತ್ತಿದ್ದರು. ಸಾಲೋತ್ರಿಯ ಈ ಪುಡಿಯೇ ಇಂದು ಪೊಟ್ಟಣವಾಗಿ ಅದೇ ಹೆಸರಿನಲ್ಲಿ ದನಗಳ ಔಷಧದ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಅಕ್ಬರನ ಕಾಲದ ‘ಆಯಿನೆ ಅಕ್ಬರಿ’ಯಂತೂ ಕುದುರೆಗಳ ದರ್ಜೆಗೆ ತಕ್ಕಂತೆ ಕಾಳು, ಹಿಟ್ಟು, ಸಕ್ಕರೆ, ತುಪ್ಪ, ಹುಲ್ಲುಗಳ ಲೆಕ್ಕ ಬರೆದಿಟ್ಟಿದೆ. ಚಳಿಗಾಲಕ್ಕೆ ಬೇಯಿಸಿದ ಕಾಳು, ಹಸಿರು ಹುಲ್ಲು ಸಿಗುವಾಗ ಒಣಹುಲ್ಲು ಬೇಡ ಎಂಬಷ್ಟು ವಿವರ ಅದರಲ್ಲಿದೆ. ಸರ್ಕಾರಿ ಲೆಕ್ಕದಲ್ಲಿ ಬರೆದ ತುಪ್ಪವೆಲ್ಲ ಕುದುರೆಯ ಬಾಯಿಗೇ ಹೋಯಿತೇ ಎಂಬ ಅನುಮಾನ ಮಾತ್ರ ಎಲ್ಲ ಕಾಲದ ದಾಸ್ತಾನು ಕೋಣೆಗಳಿಗೂ ಅನ್ವಯಿಸುತ್ತದೆ.

ಮೇವಿನ ಕೈಯಲ್ಲಿ ಯುದ್ಧದ ಹಣೆಬರಹವಿತ್ತು ಎಂಬುದಕ್ಕೆ ಕೊಡಗನ್ನೇ ನೋಡಬಹುದು. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರನ್ನು ಹಿಡಿದು ಶ್ರೀರಂಗಪಟ್ಟಣದ ಮೇಲೆ ಏರಿ ಹೋದ. ಅತ್ತ ಮಲಬಾರಿನಿಂದ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ ಕೊಡಗಿನ ಘಟ್ಟ ಹತ್ತಿ ಪಿರಿಯಾಪಟ್ಟಣದವರೆಗೆ ಬಂತು. ದೊಡ್ಡ ವೀರರಾಜೇಂದ್ರ ಅದಕ್ಕೆ ದಾರಿ ಬಿಟ್ಟು, ದವಸ, ಎತ್ತುಗಳನ್ನು ಒದಗಿಸಿದ. ಟಿಪ್ಪುವಿನ ಕಡೆಯವರು ಕಾರ್ನ್‌ವಾಲಿಸನ ದಾರಿಯ ಹುಲ್ಲು, ಮೇವನ್ನೆಲ್ಲ ಸುಟ್ಟರು. ಮೇ ತಿಂಗಳಲ್ಲಿ ಅರಕೆರೆಯ ಬಳಿಯ ಕಾಳಗ ಗೆದ್ದರೂ ಕಾರ್ನ್‌ವಾಲಿಸನಿಗೆ ಮುಂದಡಿ ಇಡಲಾಗಲಿಲ್ಲ. ಮಳೆ ಹಿಡಿಯಿತು. ಎತ್ತುಗಳು ಸಾಲುಸಾಲಾಗಿ ಸತ್ತವು, ಅಶ್ವದಳದ ಕುದುರೆಗಳು ನಡೆಯಲಾರದಷ್ಟು ಸೊರಗಿದವು. ಎಳೆಯಲು ಪ್ರಾಣಿಗಳಿಲ್ಲದ್ದರಿಂದ ಕೋಟೆ ಒಡೆಯುವ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದೆ ಸರಿದ. ಅಬರ್‌ಕ್ರಾಂಬಿಯೂ ಬಂದ ದಾರಿಯಲ್ಲೇ ಕೊಡಗಿನ ಮಳೆಯೊಳಗೆ ಇಳಿದು ಹೋಗಬೇಕಾಯಿತು. ಹಿಂದೆಗೆಯುವಾಗ ಎದುರಾದ ಮರಾಠರ ಪಾಳೆಯದ ಪೇಟೆ ಇಂಗ್ಲಿಷರ ಜೀವ ಉಳಿಸಿತು. ಅಂಥ ಸೈನ್ಯಗಳ ಪೇಟೆಗೆ ದವಸ ಹೊರುತ್ತಿದ್ದವರು ಸಾವಿರಾರು ಎತ್ತುಗಳ ಲಂಬಾಣಿಗಳು. ಟಿಪ್ಪುವಿನ ಶೌರ್ಯದ ಬಗ್ಗೆ, ಕಾರ್ನ್‌ವಾಲಿಸನ ಚಾಣಾಕ್ಷತನದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆ ವರ್ಷ ಶ್ರೀರಂಗಪಟ್ಟಣವನ್ನು ಉಳಿಸಿದ್ದರಲ್ಲಿ ಸುಟ್ಟ ಹುಲ್ಲಿನ ಪಾಲು ಸಣ್ಣದಲ್ಲ.

ಟಿಪ್ಪುವಿನ ಕಾಲದ ಕುದುರೆ ತಳಿಯ ಕೇಂದ್ರ ಕುಣಿಗಲ್ಲಿನಲ್ಲಿತ್ತು. ಅದು ಕಂಪನಿಯ ಸೈನ್ಯಕ್ಕೆ, ಆಮೇಲೆ ಮೈಸೂರು ಸರ್ಕಾರಕ್ಕೆ ದಾಟಿ, ಪಂದ್ಯದ ಕುದುರೆಗಳ ಫಾರಂ ಆಗಿ ಇಪ್ಪತ್ತೊಂದನೆಯ ಶತಮಾನಕ್ಕೂ ಬಂತು. ಟಿಪ್ಪು ಬಿದ್ದ ಮೇಲೆ ಅವನ ಸವಾರರಲ್ಲಿ ಬಹಳ ಮಂದಿ ಬೀದಿಗೆ ಬಿದ್ದರು. ದಿವಾನ್ ಪೂರ್ಣಯ್ಯ ಹಲವರನ್ನು ಶಿಲೇದಾರರಾಗಿ ಉಳಿಸಿಕೊಂಡ. 1807ರ ಒಪ್ಪಂದದಂತೆ ಮೈಸೂರು 4,000 ಅಶ್ವಸೈನ್ಯವನ್ನು ಕಂಪನಿಯ ನೆರವಿಗೆ ಸಾಕಬೇಕಾಯಿತು. ಶಿಲೇದಾರನೆಂದರೆ ಕುದುರೆ ಅವನದೇ. ಸರ್ಕಾರ ಕೊಡುವ ಸಂಬಳದಲ್ಲಿ ಅವನ ಮನೆಯೂ ನಡೆಯಬೇಕು, ಕುದುರೆಯ ಹುರುಳಿಯೂ ಬರಬೇಕು. ಸಂಬಳ ತಡವಾದರೆ ಮೊದಲು ಸೊರಗುವುದು ಯಾರು? ಮಕ್ಕಳ ತಟ್ಟೆಯೋ, ಕುದುರೆಯ ಚೀಲವೋ? ಕುದುರೆ ಸತ್ತರೆ ಉದ್ಯೋಗವೇ ಹೋಗುತ್ತದೆ. ಇಂಥ ಇಕ್ಕಟ್ಟಿನಲ್ಲಿ ಬದುಕಿದ ಮನೆಗಳು ಮೈಸೂರು ಸೀಮೆಯಲ್ಲಿ ಬಹಳವಿದ್ದವು. ‘ಕುದುರೆಯೇರಿದ ಮುಸ್ಲಿಮ’ನ ಚಿತ್ರದಲ್ಲಿ ಈ ಮನೆಗಳ ಒಲೆ ಕಾಣುವುದಿಲ್ಲ.

ಇವರಿಗಿಂತಲೂ ಕೆಳಗಿನ ಮೆಟ್ಟಿಲಲ್ಲಿ ಇದ್ದವರು ಹುಲ್ಲು ಹೆರೆಯುವವರು. ಬ್ರಿಟಿಷ್ ಕಾಲದ ಅಶ್ವದಳಗಳಲ್ಲಿ ಸವಾರರ ಹಿಂದೆ ಇವರದೇ ಒಂದು ದಂಡು. ಗರಿಕೆಯನ್ನು ಸಣ್ಣ ಕುರ್ಚಿಗೆಯಲ್ಲಿ ಬೇರುಸಹಿತ ಹೆರೆದು, ಮಣ್ಣು ಝಾಡಿಸಿ, ತೊಳೆದು ಹೊರೆ ಕಟ್ಟಿ ತರಬೇಕು. ಗರಿಕೆ ಕುದುರೆಗೆ ಬಲು ಒಳ್ಳೆಯ ಹುಲ್ಲು. ಆದರೆ ಬೇರಿನ ಮಣ್ಣು ಹಾಗೆಯೇ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಮರಳು ಕೂಡಿಕೊಂಡು ಶೂಲೆ ಬರುತ್ತದೆ. ತೊಳೆಯುವವಳ ಕೈಯಲ್ಲಿ ಕುದುರೆಯ ಜೀವವಿತ್ತು. ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಈಜಿಪ್ಟಿಗೆ ಹೋದಾಗ ಈ ಮರಳಿನ ಕಾಟ ಆ ಮರುಭೂಮಿಯ ಎಲ್ಲ ಅಶ್ವದಳಗಳನ್ನೂ ಹಣ್ಣು ಮಾಡಿತ್ತು. ನೆಲದ ಮೇಲೆ ಮೇವು ಹಾಕಿದರೆ ಮರಳೂ ಬಾಯಿಗೆ ಬರುತ್ತದೆ, ಆದ್ದರಿಂದ ಮೂತಿಗೆ ಚೀಲ ಕಟ್ಟಿ ತಿನ್ನಿಸಬೇಕಾಯಿತು. ಅಲ್ಲಿ ಸಿಗುತ್ತಿದ್ದದ್ದು ಜವೆಗೋಧಿ ಮತ್ತು ‘ತಿಬ್ನ್’ ಎಂದು ಅರಬರು ಕರೆಯುವ ಕತ್ತರಿಸಿದ ಒಣಹುಲ್ಲು. ಹಿಂದೂ, ಮುಸ್ಲಿಂ ಸವಾರರು ಜೊತೆಗಿದ್ದ ಆ ದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಂದಿಗೆ ಹೈಫಾ ಪಟ್ಟಣವನ್ನು ಗೆದ್ದಿತು. ಗೆಲುವಿನ ದಿನಾಚರಣೆ ನಡೆಯುತ್ತದೆ. ಚೀಲ ಕಟ್ಟಿದ ಸಾಯಿಸರ ನೆನಪಿಗೆ ಯಾವ ದಿನವೂ ಇಲ್ಲ.

ಸೈನ್ಯದಿಂದ ಕುದುರೆ ಹೊರಬಿದ್ದ ಮೇಲೆ ಆ ತಿಳಿವಳಿಕೆ ಜಟಕಾದವರಲ್ಲಿ ಉಳಿಯಿತು. ಬೆಂಗಳೂರು, ಮೈಸೂರು, ಶಿವಮೊಗ್ಗಗಳಲ್ಲಿ ಜಟಕಾ ಹೊಡೆದ ಸಾಹೇಬರುಗಳ ಬಗ್ಗೆ ಹಿರಿಯರಿಗೆ ಇನ್ನೂ ನೆನಪಿದೆ. ಬಾಡಿಗೆ ಇಲ್ಲದ ಹೊತ್ತಿನಲ್ಲಿ ಗಾಡಿಯ ಕೆಳಗೆ ಕಟ್ಟಿದ ಹುಲ್ಲಿನ ಕಂತೆ ಬಿಚ್ಚಿ ಕುದುರೆಯ ಮುಂದೆ ಇಡುವುದು ಅವರಿಗೆ ಅಭ್ಯಾಸ. ಆ ಸಣ್ಣ ಸಣ್ಣ ಮೇವು ಕುದುರೆಯ ಹೊಟ್ಟೆಯ ಸ್ವಭಾವಕ್ಕೆ ಎಷ್ಟು ಹೊಂದಿತ್ತು ಎಂಬುದು ಇಂದಿನ ಪುಸ್ತಕ ಓದಿದಾಗ ತಿಳಿಯುತ್ತದೆ. ಆಟೋ ಬಂತು, ಜಟಕಾ ಹೋಯಿತು. ಮೈಸೂರಿನಲ್ಲಿ ಪ್ರವಾಸಿಗರಿಗಾಗಿ ಕೆಲವು ಟಾಂಗಾಗಳು ಉಳಿದವು. ಬಡತನದಲ್ಲಿ ಬರೀ ಬೂಸಾ ತಿಂದು ಬದುಕಿದ ಕುದುರೆಗಳೂ ಇದ್ದವು ಎಂಬುದನ್ನು ಮರೆತು ಆ ಕಾಲವನ್ನು ಹಾಡಿ ಹೊಗಳಬೇಕಿಲ್ಲ. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಅದನ್ನೇ ವರ್ಷಗಟ್ಟಲೆ ತಿಂದ ಕುದುರೆಯ ಮೂಳೆ ಸಡಿಲಾಗಿ ಮುಖ ಊದಿಕೊಳ್ಳುತ್ತದೆ.

ಈಗ ಕುದುರೆ ಬಹುಪಾಲು ರೇಸಿನದ್ದು. ಅದರ ಲಾಯಕ್ಕೆ ‘ಸಪ್ಲಿಮೆಂಟ್’ಗಳು ಡಬ್ಬಿಗಟ್ಟಲೆ ಬರುತ್ತವೆ. ಅವುಗಳಲ್ಲಿ ಜೀವಂತ ಯೀಸ್ಟ್ ಮುಖ್ಯವಾದದ್ದು, ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಜಾತಿಯದೇ. ದೊಡ್ಡ ಕರುಳಿನಲ್ಲಿ ನಾರು ಕರಗಿಸುವ ಜೀವಿಗಳಿಗೆ ಅದು ಒತ್ತಾಸೆಯಾಗುತ್ತದೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ಕಾಳು ಹೆಚ್ಚು ತಿನ್ನುವ ಕುದುರೆಗಳಲ್ಲಿ ಅದರ ಲಾಭ ಕಾಣುತ್ತದೆ, ಆದರೆ ಎಲ್ಲ ಪ್ರಯೋಗಗಳ ಫಲಿತಾಂಶ ಒಂದೇ ಅಲ್ಲ. ಮರಳು ತೆಗೆಯಲು ಇಸಬಗೋಲು, ಬೆವರಿದ್ದಕ್ಕೆ ಉಪ್ಪು, ಮೈ ತುಂಬಲು ಅಗಸೆ, ಎಣ್ಣೆ. ಹೆಸರು ಬೇರೆಯಾದರೂ ಸಾಲೋತ್ರಿಯ ಗಂಟಿನಲ್ಲಿದ್ದ ಎಷ್ಟೋ ವಸ್ತುಗಳು ಇಲ್ಲೂ ಇವೆ. ಆದರೆ ಬಹುಹೊತ್ತು ಲಾಯದಲ್ಲಿ ಕಟ್ಟಿಹಾಕಿದ, ದಿನಕ್ಕೆರಡು ಮೂರು ಸಲ ಮಾತ್ರ ಕಾಳು ಕಾಣುವ ಪಂದ್ಯದ ಕುದುರೆಗಳ ಜಠರದೊಳಕ್ಕೆ ಕ್ಯಾಮೆರಾ ಇಳಿಸಿ ನೋಡಿದರೆ ಬಹುಪಾಲಿನಲ್ಲಿ ಹುಣ್ಣು ಕಂಡಿದೆ. ಕೆಲವು ಅಧ್ಯಯನಗಳಲ್ಲಿ ನೂರಕ್ಕೆ ತೊಂಬತ್ತರಷ್ಟು. ವಸ್ಸಾಫ್ ಹೇಳಿದ ನಲವತ್ತು ದಿನದ ಗೂಟ ಬೇರೆ ರೂಪದಲ್ಲಿ ಉಳಿದಿದೆ ಎನ್ನಬೇಕು. ಡಬ್ಬಿಯ ಪುಡಿ ಹಾಕುವ ಮೊದಲು ಕುದುರೆಗೆ ದಿನಕ್ಕೆ ಅದರ ತೂಕದ ನೂರಕ್ಕೆ ಒಂದೂವರೆ ಪಾಲಿನಷ್ಟಾದರೂ ಒಣತೂಕದ ಹುಲ್ಲು ಸಿಗಬೇಕು, ಅಂದರೆ 400 ಕಿಲೋದ ಕುದುರೆಗೆ ಆರು ಕಿಲೋ ಎನ್ನುವುದು ತಜ್ಞರ ಮೊದಲ ಸೂತ್ರ. ಹುಲ್ಲಿಗೆ ಡಬ್ಬಿಯಿಲ್ಲ, ಜಾಹೀರಾತೂ ಇಲ್ಲ.

ಹುಲ್ಲಿನ ಜೊತೆಗೆ ತಜ್ಞರು ಹೊಗಳುವ ಇನ್ನೊಂದು ಮೇವು ಲೂಸರ್ನ್. ಅದರಲ್ಲಿ ಸುಣ್ಣದಂಶ ಹೇರಳ, ಬೂಸಾದ ಕೊರತೆಯನ್ನು ತುಂಬುತ್ತದೆ, ಜಠರದ ಆಮ್ಲವನ್ನೂ ತಣಿಸುತ್ತದೆ. ಇದರ ಪ್ರಯಾಣ ಕೇಳಬೇಕು. ಹಳೆಯ ಪರ್ಷಿಯನ್ನರು ಅದನ್ನು ‘ಅಸ್ಪಸ್ತ್’ ಎಂದರು, ಹಾಗೆಂದರೆ ಕುದುರೆಯ ಮೇವು. ಅರಬರ ಬಾಯಲ್ಲಿ ಅದು ‘ಫಿಸ್‌ಫಿಸ’ ಆಯಿತು. ಅರಬರಿಂದ ಸ್ಪೇನಿಗೆ ಹೋಗಿ ‘ಅಲ್ಫಾಲ್ಫಾ’ ಎನಿಸಿತು. ಸ್ಪೇನಿನವರ ಹಡಗಿನಲ್ಲಿ ಅಮೆರಿಕಕ್ಕೂ ದಾಟಿತು. ಆ ಇಂಗ್ಲಿಷ್ ಹೆಸರು ಹೊತ್ತ ಚೀಲಗಳು ಇಂದು ನಮ್ಮ ರೇಸು ಕುದುರೆಗಳ ಲಾಯಕ್ಕೂ ಬರುತ್ತವೆ. ಅದೇ ಸೊಪ್ಪನ್ನು ಬಾವಿಯ ನೀರು ಕಟ್ಟಿ ಬೆಳೆದು, ಕುಡುಗೋಲಿನಲ್ಲಿ ಕೊಯ್ದು ಹಸುವಿಗೆ ಹಾಕುವ ನಮ್ಮ ರೈತ ಅದನ್ನು ‘ಕುದುರೆ ಮಸಾಲೆ’ ಎನ್ನುತ್ತಾನೆ, ಕೆಲವು ಕಡೆ ‘ಕುದುರೆ ಮೆಂತೆ’. ಅವನ ಕೊಟ್ಟಿಗೆಯಲ್ಲಿ ಈಗ ಕುದುರೆ ಇಲ್ಲ.